ಪೈಥಾನ್ ಡಾಕ್ ಇನ್‌ಸ್ಟಾಲ್ ಆಯ್ತು ಅನ್ನುತ್ತೆ, ಫೋಲ್ಡರ್ ಖಾಲಿ

ಲ್ಯಾಬ್ ಮೇಷ್ಟ್ರು, ಮಂಡ್ಯ:
ಎಲ್ಲರಿಗೂ ನಮಸ್ಕಾರ. ಮದ್ದೂರು ಕಡೆಯ ಕಾಲೇಜೊಂದರ ಲ್ಯಾಬ್ ನೋಡಿಕೊಳ್ತೀನಿ. ಹನ್ನೆರಡು ಹಳೇ ಮಿಷನ್, ಒಂದೊಂದರಲ್ಲೂ 32 ಜಿಬಿ ಡಿಸ್ಕ್. ಜಾಗ ಉಳೀಲಿ ಅಂತ ಉಬುಂಟು ಮಿನಿಮಲ್ (ಉಬುಂಟು ಲಿನಕ್ಸಿನ ತೀರಾ ಚಿಕ್ಕ ರೂಪ) ಹಾಕಿ, ಮೇಲೆ ಡೆಸ್ಕ್‌ಟಾಪ್ ಕೂರಿಸಿದೆ. ಕರೆಂಟ್ ಹೋದ್ರೆ ನೆಟ್ಟೂ ಹೋಗುತ್ತೆ, ಆಗ ಮಕ್ಕಳಿಗೆ ಆಸರೆ ಮಿಷನ್ನಿನೊಳಗಿನ ಕೈಪಿಡಿಯೊಂದೇ. ಆದ್ರೆ ಫೈಲ್ ಪಟ್ಟಿ ತೋರಿಸೋ ಎಲ್ಎಸ್ ಕಮಾಂಡಿನ ಕೈಪಿಡಿ ಪುಟಕ್ಕೆ ಅಂತ ‘ಮ್ಯಾನ್ ಎಲ್‌ಎಸ್’ ಹೊಡೆದ್ರೆ ‘ಈ ಸಿಸ್ಟಮ್ ಮಿನಿಮೈಜ್ ಆಗಿದೆ’ ಅಂತ ಬರುತ್ತೆ. ಪೈಥಾನ್ ಭಾಷೆಯ ಕೈಪಿಡಿ ಇರೋ ಡಾಕ್ ಪ್ಯಾಕೇಜ್ ಹಾಕಿದೆ, ಎರರ್ ಇಲ್ಲ. ಫೋಲ್ಡರ್ ತೆಗೆದ್ರೆ ಕಾಪಿರೈಟ್ ಫೈಲು, ಚೇಂಜ್‌ಲಾಗ್ ಅಷ್ಟೇ. ಇನ್ನೊಂದು ಮಾತು: ಕೈಪಿಡಿಯ ರೂಪಗಳಾದ ಮ್ಯಾನ್, ಇನ್ಫೋ (ಟರ್ಮಿನಲ್ಲಿನಲ್ಲೇ ಓದೋ ಇನ್ನೊಂದು ಬಗೆ), ಎಚ್‌ಟಿಎಂಎಲ್, ಪಿಡಿಎಫ್, ಇಷ್ಟರಲ್ಲಿ ಯಾವುದನ್ನ ಎಲ್ಲ ಮಿಷನ್ನಿಗೂ ಹಾಕಲಿ?

ಸರಸ್ವತಿಪುರಂ, ಮೈಸೂರು:
ಮೇಷ್ಟ್ರೇ, ಪ್ಯಾಕೇಜಿನದು ತಪ್ಪಿಲ್ಲ. ಮಿನಿಮಲ್‌ನಲ್ಲಿ ಡಿಪಿಕೆಜಿ (ಪ್ಯಾಕೇಜುಗಳನ್ನ ಇನ್ಸ್ಟಾಲ್ ಮಾಡೋ ಪ್ರೋಗ್ರಾಂ) ಕಾನ್ಫಿಗ್ ಫೋಲ್ಡರಿನೊಳಗೆ ‘ಎಕ್ಸ್‌ಕ್ಲೂಡ್ಸ್’ ಅಂತ ಒಂದು ಫೈಲ್ ಇರುತ್ತೆ. ಮ್ಯಾನ್ ಪುಟ, ಡಾಕ್ ಫೋಲ್ಡರ್, ಅನುವಾದದ ಫೈಲು, ಇವು ಯಾವುದನ್ನೂ ಡಿಸ್ಕಿಗೆ ಇಳಿಸಬೇಡ ಅಂತ ಅದರಲ್ಲಿ ಬರೆದಿದೆ. ಕಾಪಿರೈಟ್ ಮತ್ತು ಚೇಂಜ್‌ಲಾಗ್‌ಗೆ ಮಾತ್ರ ವಿನಾಯಿತಿ. ನಿಮಗೆ ಕಂಡದ್ದೂ ಅವೆರಡೇ ಅಲ್ವಾ.

ಮ್ಯಾನ್ ಮತ್ತು ಡಾಕ್ ಸಾಲುಗಳನ್ನ ಅಳಿಸಿ. ಅಳಿಸಿದ ಮಾತ್ರಕ್ಕೆ ಹಳೇವು ವಾಪಸ್ ಬರಲ್ಲ, ಪ್ಯಾಕೇಜುಗಳನ್ನ ರೀಇನ್‌ಸ್ಟಾಲ್ ಮಾಡಬೇಕು. ‘ಡಿಪಿಕೆಜಿ ವೆರಿಫೈ’ ಓಡಿಸಿದ್ರೆ ಯಾವ ಫೈಲ್ ಕಾಣೆ ಅಂತ ಪಟ್ಟಿ ಸಿಗುತ್ತೆ. ‘ಅನ್‌ಮಿನಿಮೈಜ್’ ಕಮಾಂಡ್ ಇದನ್ನೆಲ್ಲ ತಾನೇ ಮಾಡುತ್ತೆ, ಆದ್ರೆ ಬೇರೆ ಪ್ಯಾಕೇಜುಗಳನ್ನೂ ಎಳಕೊಂಡು ಬರುತ್ತೆ. 32 ಜಿಬಿಗೆ ಕೈಯಲ್ಲಿ ಮಾಡೋದೇ ವಾಸಿ.

ಯಾವುದು ಹಾಕೋದು ಅಂದ್ರೆ, ಮ್ಯಾನ್ ಎಲ್ಲದಕ್ಕೂ ಇರಲಿ. ಜಿಜಿಪ್ ಆಗಿ, ಅಂದ್ರೆ ಕುಗ್ಗಿಸಿದ ಫೈಲಾಗಿ, ಬರೋದ್ರಿಂದ ಜಾಗ ತಿನ್ನಲ್ಲ. ಎಚ್‌ಟಿಎಂಎಲ್ ನೀವು ಪಾಠ ಮಾಡೋ ವಿಷಯಕ್ಕೆ ಮಾತ್ರ: ಪೈಥಾನ್, ಗಿಟ್ (ಕೋಡಿನ ಬದಲಾವಣೆಗಳ ಲೆಕ್ಕ ಇಡೋ ಸಾಧನ). ಗಿಟ್‌ಗೆ ಉಬುಂಟುವಿಗೆ ಮೂಲವಾದ ಡೆಬಿಯನ್ನಿನಲ್ಲೂ ಉಬುಂಟುವಿನಲ್ಲೂ ಮ್ಯಾನ್ ಬೇರೆ ಪ್ಯಾಕೇಜು, ಎಚ್‌ಟಿಎಂಎಲ್ ಬೇರೆ ಪ್ಯಾಕೇಜು. ಡೆಬಿಯನ್ ನಿಯಮದಲ್ಲೂ ಮೊದಲ ಆಯ್ಕೆ ಎಚ್‌ಟಿಎಂಎಲ್ಲೇ, ಅದು ಸರಿ ಅಂತ ನನಗೆ ಗಟ್ಟಿಯಾಗಿ ಅನ್ಸುತ್ತೆ. ಅಕ್ಷರ ದೊಡ್ಡದು ಮಾಡಿದ್ರೆ ಸಾಲು ತಾನೇ ಮಡಚಿಕೊಳ್ಳುತ್ತೆ. ಪಿಡಿಎಫ್‌ನಲ್ಲಿ ಪುಟದ ಅಳತೆ ಬಿಗಿ. ಹಿಂದಿನ ಬೆಂಚಿನ ಹುಡುಗಿ ಚಿಕ್ಕ ಮಾನಿಟರಿನಲ್ಲಿ ಒಂದೊಂದು ಸಾಲಿಗೂ ಪುಟವನ್ನ ಅತ್ತಿತ್ತ ಎಳೀಬೇಕು. ಅದನ್ನ ಪ್ರಿಂಟಿಗೆ ಅಂತ ನಿಮ್ಮ ಮಿಷನ್ನಿನಲ್ಲಿ ಇಟ್ಕೊಳ್ಳಿ. ಇನ್ಫೋ ಬೇಡ, ಅದರ ಕೀಲಿಗಳನ್ನ ಕಲಿಸೋದೇ ಒಂದು ಪೀರಿಯಡ್.

ಲ್ಯಾಬ್ ಮೇಷ್ಟ್ರು, ಮಂಡ್ಯ:
ಮೇಡಂ, ಪೈಥಾನ್ ಬಂತು! ಬ್ರೌಸರಿನಲ್ಲಿ ನೆಟ್ ಇಲ್ಲದೇ ತೆರೆಯಿತು. ಮ್ಯಾನ್ ಮಾತ್ರ ಇನ್ನೂ ಅದೇ ಮೆಸೇಜ್ ಕೊಡ್ತಿದೆ. ಪುಟಗಳು ಫೋಲ್ಡರಿನಲ್ಲಿ ಇವೆ, ಕಣ್ಣಾರೆ ನೋಡಿದೆ.

ಸರಸ್ವತಿಪುರಂ, ಮೈಸೂರು:
ಕ್ಷಮಿಸಿ, ಅದನ್ನ ಮೊದಲೇ ಹೇಳಬೇಕಿತ್ತು. ಮಿನಿಮಲ್‌ನಲ್ಲಿ ನಿಜವಾದ ಮ್ಯಾನ್ ಕಮಾಂಡನ್ನ ಪಕ್ಕಕ್ಕಿಟ್ಟು, ಆ ಜಾಗದಲ್ಲಿ ಮೆಸೇಜ್ ತೋರಿಸೋ ಚಿಕ್ಕ ಸ್ಕ್ರಿಪ್ಟ್ ಇಟ್ಟಿರ್ತಾರೆ. ಸ್ಕ್ರಿಪ್ಟ್ ಅಳಿಸಿ, ಹೀಗೆ ಫೈಲನ್ನ ಪಕ್ಕಕ್ಕಿಡೋ, ವಾಪಸ್ ತರೋ ಕಮಾಂಡ್ ಆದ ‘ಡಿಪಿಕೆಜಿ ಡೈವರ್ಟ್’ನಲ್ಲಿ ರಿಮೂವ್, ರಿನೇಮ್ ಎರಡೂ ಕೊಟ್ಟು ಹಳೇದನ್ನ ಸ್ವಸ್ಥಾನಕ್ಕೆ ತನ್ನಿ.

ಲ್ಯಾಬ್ ಮೇಷ್ಟ್ರು, ಮಂಡ್ಯ:
ಸರಿಹೋಯ್ತು ಮೇಡಂ, ತುಂಬಾ ಉಪಕಾರ ಆಯ್ತು. ಸಂಜೆ ಒಬ್ಬ ಹುಡುಗನ್ನ ಕೂರಿಸಿ, ಎಲ್‌ಎಸ್ ಪುಟದಲ್ಲಿ ಸ್ಲ್ಯಾಶ್ ಒತ್ತಿ ‘ರಿವರ್ಸ್’ ಹುಡುಕು ಅಂದೆ. ಪಟ್ಟಿ ತಿರುಗಿಸೋ ಆಪ್ಷನ್ ಅವನೇ ಕಂಡುಕೊಂಡ. ನಾಳೆ ಈ ಡಿಸ್ಕನ್ನೇ ಉಳಿದ ಹನ್ನೊಂದಕ್ಕೂ ಕ್ಲೋನ್ ಮಾಡ್ತೀನಿ.