ಅಪ್‌ಡೇಟ್: ಮುಳ್ಳಯ್ಯನಗಿರಿ ಕಡೆ ಜನ ಇಲ್ದಿರೋ ದಾರಿ ಸಿಕ್ತು

ವೀಕೆಂಡ್ ರಶ್ ತಪ್ಪಿಸ್ಕೊಂಡು ಚಿಕ್ಕಮಗಳೂರು ಬೆಟ್ಟದಲ್ಲಿ ನಡೆಯೋಕೆ ಯಾವ್ದಾದ್ರೂ ದಾರಿ ಇದ್ಯಾ ಅಂತ ಕೇಳಿದ್ನಲ್ಲ, ಹೋಗ್ಬಂದ್ವಿ. ಮುಳ್ಳಯ್ಯನಗಿರಿ ತುದಿಗೆ ಹತ್ತೋ ಸರ್ಪದಾರಿ ಹೇಳಿದವ್ರಿಗೆ ದೊಡ್ಡ ಥ್ಯಾಂಕ್ಸ್! ಕಾರಲ್ಲಿ ಬರೋರೆಲ್ಲ ಮೇಲಿನ ಪಾರ್ಕಿಂಗ್‌ವರೆಗೂ ಹೋಗಿ ಅಲ್ಲಿಂದ ಮೆಟ್ಲು ಹತ್ತೋದ್ರಿಂದ, ಕೆಳಗಿಂದ ಹುಲ್ಲಲ್ಲಿ ಹಾವಿನ ಥರ ಸುತ್ತಿ ಹತ್ತೋ ಈ ಕಾಲ್ದಾರಿಲಿ ಮಂಗಳವಾರ ಬೆಳಗ್ಗೆ ನಾವು ಬಿಟ್ರೆ ನರಪಿಳ್ಳೆ ಇರ್ಲಿಲ್ಲ, ಗಾಳಿ ಮಾತ್ರ ಟೋಪಿ ಕಿತ್ಕೊಂಡು ಹೋಗೋವಷ್ಟು. ತುದಿ 1,930 ಮೀಟರ್, ಅಲ್ಲಿ ದೇವಸ್ಥಾನದ ಹತ್ರ ಮತ್ತೆ ಅದೇ ಸೆಲ್ಫಿ ಗಲಾಟೆ. ಇನ್ನೊಂದು ಬೆಟ್ಟ ಎತ್ತಿನಭುಜದ ಸಜೆಶನ್ ವರ್ಕ್ ಆಗ್ಲಿಲ್ಲ, ಅದೀಗ ರೀಲ್ಸ್ ಮಾಡೋರ ಪಾಲು. ಗೊತ್ತಿಲ್ದೇ ಇದ್ದ ವಿಷ್ಯ ಅಂದ್ರೆ ಸರ್ಪದಾರಿಲಿ ಬಿಸಿಲಿಗೆ ನೆರಳೇ ಇಲ್ಲ, ನೀರಿನ ಬಾಟ್ಲಿ ಕೆಳಗೇ ತುಂಬಿಸ್ಕೊಳ್ಳಿ. ಇಂಬಳಕ್ಕೆ (ರಕ್ತ ಹೀರೋ ಜಿಗಣೆ) ಸುಣ್ಣ-ಹೊಗೆಸೊಪ್ಪು ಇಟ್ಕೊಳ್ಳಿ ಅಂದಿದ್ರಲ್ಲ, ಮಳೆ ಮುಗಿದ್ಮೇಲೆ ಹೋಗಿದ್ದಕ್ಕೆ ಒಂದೂ ಕಾಣ್ಲಿಲ್ಲ.