ಪ್ರಶ್ನೋತ್ತರ: ಕುಟುಂಬದ ತೋಟದ ಕಂಪನಿ, ನಮ್ಮ ಷೇರು, ನಮ್ಮ ಹಕ್ಕು

ಅಡ್ಮಿನ್: ಈ ವಾರದ ಪ್ರಶ್ನೋತ್ತರ ಷೇರುದಾರರಿಗೆ ಆಗುವ ಅನ್ಯಾಯದ ಬಗ್ಗೆ. ನಮ್ಮ ಕೊಡಗಿನಲ್ಲಿ ಅಣ್ಣತಮ್ಮಂದಿರು ಸೇರಿ ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡ ತೋಟ, ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್, ರೆಸಾರ್ಟ್ ಇವೆ. ಉತ್ತರಿಸುವವರು ವಿರಾಜಪೇಟೆಯವರು, ಬೆಂಗಳೂರಿನ ಎನ್‌ಸಿಎಲ್‌ಟಿಯಲ್ಲಿ, ಅಂದರೆ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ, ಕೇಸು ನಡೆಸುವ ವಕೀಲರು. ಯಾರ ಹೆಸರೂ, ಕಂಪನಿ ಹೆಸರೂ ಹಾಕಬೇಡಿ. ಊರು ಸಾಕು.

ಸೋಮವಾರಪೇಟೆ: ಮೇಡಂ, ನಮ್ಮ ಸಹಕಾರ ಸಂಘದಲ್ಲಿ ನನ್ನ ಷೇರಿಗೆ ಲಾಭಾಂಶ ಕೊಡುತ್ತಿಲ್ಲ. ಎನ್‌ಸಿಎಲ್‌ಟಿಗೆ ಹೋಗಬಹುದಾ?

ವಕೀಲರು: ಇಲ್ಲ. ಸಹಕಾರ ಸಂಘ ಕಂಪನಿ ಅಲ್ಲ. ಅದಕ್ಕೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಇದೆ. 70ನೇ ಸೆಕ್ಷನ್ ಅಡಿ ಸಹಕಾರ ಇಲಾಖೆಯಲ್ಲೇ ದಾವೆ ಹಾಕಬೇಕು.

ಪಾಲಿಬೆಟ್ಟ: ಅಜ್ಜನ ಕಾಗದಪತ್ರಗಳಲ್ಲಿ ಕನ್ಸಾಲಿಡೇಟೆಡ್ ಕಾಫಿ ಷೇರು ಸರ್ಟಿಫಿಕೇಟ್ ಸಿಕ್ಕಿತು. ಬೆಲೆ ಇದೆಯಾ?

ವಕೀಲರು: ಇದೆ. ಆ ಕಂಪನಿ ಟಾಟಾ ಕಾಫಿ ಆಯಿತು. 2024ರ ಜನವರಿಯಲ್ಲಿ ಟಾಟಾ ಕನ್ಸ್ಯೂಮರ್ ಜೊತೆ ವಿಲೀನವಾಯಿತು. ಏಳು ವರ್ಷ ಸತತವಾಗಿ ಡಿವಿಡೆಂಡ್ ಯಾರೂ ಪಡೆಯದಿದ್ದರೆ ಷೇರುಗಳು ಐಇಪಿಎಫ್ ಎಂಬ ಸರ್ಕಾರದ ಹೂಡಿಕೆದಾರರ ರಕ್ಷಣಾ ನಿಧಿಗೆ ಹೋಗಿರುತ್ತವೆ. ಐಇಪಿಎಫ್-5 ಅರ್ಜಿ ಹಾಕಿ ವಾಪಸ್ ಪಡೆಯಬಹುದು. ಮೊದಲು ವಾರಸುದಾರರ ದಾಖಲೆ ಮಾಡಿಸಿ.

ಸಿದ್ದಾಪುರ: ಮೇಡಂ, ಸ್ವಲ್ಪ ಉದ್ದ ಇದೆ, ಕ್ಷಮಿಸಿ. ಅಪ್ಪ ಮತ್ತು ಅವರ ತಮ್ಮಂದಿರು ಸೇರಿ ತೋಟವನ್ನು ಕಂಪನಿ ಮಾಡಿದ್ದರು. ಒಟ್ಟು 10,000 ಷೇರು, ತಲಾ 100 ರೂಪಾಯಿ. ಅಪ್ಪನದು 3,000. ಅಪ್ಪ ತೀರಿಕೊಂಡ ಮೇಲೆ ಷೇರು ನಮ್ಮ ಹೆಸರಿಗೆ ಮಾಡಿಕೊಡಿ ಎಂದು ಅಮ್ಮ ಕೇಳುತ್ತಲೇ ಇದ್ದಾರೆ. ಚಿಕ್ಕಪ್ಪ ಮ್ಯಾನೇಜಿಂಗ್ ಡೈರೆಕ್ಟರ್. ಮಾಡೋಣ ಮಾಡೋಣ ಅನ್ನುತ್ತಾರೆ. ಈಗ ಗೊತ್ತಾಗಿದ್ದು, ಕಳೆದ ವರ್ಷ ಚಿಕ್ಕಪ್ಪನ ಮಗನಿಗೆ 27,500 ಹೊಸ ಷೇರು ಕೊಟ್ಟಿದ್ದಾರೆ, ಅದೇ 100 ರೂಪಾಯಿ ಬೆಲೆಗೆ. ನಮ್ಮ 30% ಈಗ 8% ಆಗಿದೆ. 10% ಇಲ್ಲದಿದ್ದರೆ ಕೇಸು ಹಾಕಲು ಆಗಲ್ಲ ಎಂದು ಆಡಿಟರ್ ಹೇಳಿದರು. ಈಗ ಅಮ್ಮನ ಸಹಿಗೆ ಒಂದು ಕಾಗದ ಬಂದಿದೆ. ‘ಹೊಸ ಷೇರು ನಮಗೆ ಬೇಡ’ ಎಂದು ಅದರಲ್ಲಿದೆ. ತಾರೀಕು ಕಳೆದ ವರ್ಷದ್ದು.

ವಕೀಲರು: ಮೊದಲು ಇದನ್ನು ಓದಿ. ಅಮ್ಮ ಆ ಕಾಗದಕ್ಕೆ ಸಹಿ ಹಾಕಬಾರದು. ಹಬ್ಬಕ್ಕೆ ಬಂದಾಗ, ಊಟಕ್ಕೆ ಕೂತಾಗ, ‘ಸುಮ್ನೆ ಫಾರ್ಮಾಲಿಟಿ’ ಎಂದರೂ ಹಾಕಬಾರದು. ಕಾಗದ ಹರಿಯಬೇಡಿ. ಬಂದ ಕವರ್ ಸಮೇತ ಇಟ್ಟುಕೊಳ್ಳಿ, ವಾಟ್ಸಾಪ್‌ನಲ್ಲಿ ಬಂದಿದ್ದರೆ ಡಿಲೀಟ್ ಮಾಡಬೇಡಿ. ಅವರಿಗೆ ಈ ಸಹಿ ಯಾಕೆ ಬೇಕು ಗೊತ್ತಾ? ಕಂಪನಿ ಕಾಯ್ದೆ 62ನೇ ಸೆಕ್ಷನ್ ಪ್ರಕಾರ ಹೊಸ ಷೇರುಗಳನ್ನು ಸಾಮಾನ್ಯವಾಗಿ ಈಗಿರುವ ಷೇರುದಾರರಿಗೆ ಅವರವರ ಪಾಲಿನ ಲೆಕ್ಕದಲ್ಲಿ ಮೊದಲು ಕೊಡಬೇಕು. ಪತ್ರ ರಿಜಿಸ್ಟರ್ಡ್ ಪೋಸ್ಟ್, ಸ್ಪೀಡ್ ಪೋಸ್ಟ್, ಕೊರಿಯರ್ ಅಥವಾ ಇಮೇಲ್‌ನಲ್ಲಿ ಹೋಗಬೇಕು, ಹೋಗಿದ್ದಕ್ಕೆ ದಾಖಲೆ ಇರಬೇಕು. ನಿಮಗೆ ಆ ಪತ್ರ ಬಂದಿಲ್ಲ. ಆ ತೂತು ಮುಚ್ಚಲು ಈಗ ಹಳೇ ತಾರೀಕಿನ ಸಹಿ ಬೇಕಾಗಿದೆ. ಹಾಗಲ್ಲದೆ ಹೊರಗಿನವರಿಗೆ ಕೊಟ್ಟಂತೆ ಕೊಟ್ಟಿದ್ದರೆ ವಿಶೇಷ ನಿರ್ಣಯ ಬೇಕು, ಅಂದರೆ ಷೇರುದಾರರ ಮುಕ್ಕಾಲು ಮತ, ಜೊತೆಗೆ ಷೇರಿನ ಬೆಲೆ ಕಟ್ಟುವ ವ್ಯಾಲ್ಯುಯರ್ ವರದಿ ಬೇಕು. ತೋಟದ ಇಂದಿನ ಬೆಲೆ ಲೆಕ್ಕ ಹಾಕಿದ ಯಾವ ವ್ಯಾಲ್ಯುಯರ್ ಒಂದು ಷೇರಿಗೆ 100 ರೂಪಾಯಿ ಅಂದಾರು? ಇಪ್ಪತ್ತೇಳೂವರೆ ಲಕ್ಷಕ್ಕೆ ಇಡೀ ತೋಟದ ಹಿಡಿತ ಒಬ್ಬರ ಕೈಗೆ ಹೋಗಿದೆ.

ಇನ್ನು 8% ವಿಷಯ. ಆಡಿಟರ್ ಅರ್ಧ ಮಾತ್ರ ಹೇಳಿದ್ದಾರೆ. 244ನೇ ಸೆಕ್ಷನ್‌ನಲ್ಲಿ ಎರಡು ದಾರಿ ಇವೆ. ಒಂದು, ಷೇರು ಬಂಡವಾಳದ ಹತ್ತನೇ ಒಂದು ಭಾಗ ಇರಬೇಕು. ಇನ್ನೊಂದು, 100 ಸದಸ್ಯರು ಅಥವಾ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ, ಯಾವುದು ಕಡಿಮೆಯೋ ಅದು. ನಿಮ್ಮ ಕಂಪನಿಯಲ್ಲಿ ಎಷ್ಟು ಸದಸ್ಯರು?

ಸಿದ್ದಾಪುರ: ಅಪ್ಪನನ್ನೂ ಸೇರಿಸಿ ಆರು ಜನ.

ವಕೀಲರು: ಆರರಲ್ಲಿ ಹತ್ತನೇ ಒಂದು ಭಾಗ ಅಂದರೆ ಒಬ್ಬರಿಗಿಂತ ಕಡಿಮೆ. ಹಾಗಾಗಿ ಒಬ್ಬ ಸದಸ್ಯ ಸಾಕು, ಷೇರು ಎಷ್ಟೇ ಇರಲಿ. ಈ ಅರ್ಹತೆಯೂ ಇಲ್ಲದವರಿಗೆ ವಿನಾಯಿತಿ ಕೊಡುವ ಅಧಿಕಾರವೂ ನ್ಯಾಯಮಂಡಳಿಗೆ ಇದೆ.

ಹೆಸರು ಬದಲಾಗಿಲ್ಲ ಎಂಬುದು ಕೂಡ ಅಡ್ಡಿಯಲ್ಲ. ತೀರಿಕೊಂಡ ಸದಸ್ಯರ ಹೆಸರು ರಿಜಿಸ್ಟರ್‌ನಲ್ಲಿ ಇನ್ನೂ ಇದ್ದರೂ ಅವರ ವಾರಸುದಾರರು ಅರ್ಜಿ ಹಾಕಬಹುದು ಎಂದು ವರ್ಲ್ಡ್ ವೈಡ್ ಏಜೆನ್ಸೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಂಡಿಯೇ ತನಗೆ ಷೇರು ಹಂಚಿಕೊಂಡು ಬಹುಮತ ಮಾಡಿಕೊಂಡದ್ದನ್ನು 2004ರಲ್ಲಿ ಡೇಲ್ ಅಂಡ್ ಕ್ಯಾರಿಂಗ್ಟನ್ ಪ್ರಕರಣದಲ್ಲಿ ಅದೇ ಕೋರ್ಟ್ ಒಪ್ಪಲಿಲ್ಲ. ಅದೂ ಪಕ್ಕದ ಕೇರಳದಿಂದ ಹೋದ ಕೇಸು.

ನನಗೆ ನಿಜವಾಗಿ ಭಯ ಇರುವುದು ಬೇರೆ ಕಡೆ. ಇಡೀ ಉದ್ದಿಮೆ ಮಾರಲು ಷೇರುದಾರರ ವಿಶೇಷ ನಿರ್ಣಯ ಬೇಕು ಎಂಬ 180ನೇ ಸೆಕ್ಷನ್‌ನಿಂದ 2015ರಲ್ಲಿ ಪ್ರೈವೇಟ್ ಕಂಪನಿಗಳಿಗೆ ವಿನಾಯಿತಿ ಸಿಕ್ಕಿದೆ. ನಿಮ್ಮ ಕಂಪನಿಯ ಒಳ ನಿಯಮಾವಳಿ, ಅಂದರೆ ಆರ್ಟಿಕಲ್ಸ್‌ನಲ್ಲಿ ಬೇರೆ ತಡೆ ಇಲ್ಲದಿದ್ದರೆ ಚಿಕ್ಕಪ್ಪ ಮತ್ತು ಅವರ ಮಗ ಇಬ್ಬರೇ ಬೋರ್ಡಿನಲ್ಲಿ ಕೂತು ತೋಟ ಮಾರಬಹುದು. ಮರ ಮಾರಬಹುದು. ಆಮೇಲೆ ನೀವು ಗೆದ್ದರೂ ಕೈಗೆ ಏನು ಸಿಗುತ್ತದೆ? ಅದಕ್ಕೇ ಷೇರುದಾರರ ಮೇಲಿನ ದಬ್ಬಾಳಿಕೆ ವಿರುದ್ಧ ಹಾಕುವ 241ನೇ ಸೆಕ್ಷನ್ ಅರ್ಜಿಯ ಜೊತೆಗೇ 242(4)ರಲ್ಲಿ ಮಧ್ಯಂತರ ಆದೇಶ ಕೇಳಬೇಕು: ಆಸ್ತಿ ಮಾರಬಾರದು, ಷೇರು ಲೆಕ್ಕ ಇದ್ದಂತೆ ಇರಬೇಕು.

ಈ ವಾರವೇ ಮಾಡಬೇಕಾದ್ದು: ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಎಂಸಿಎ ಪೋರ್ಟಲ್‌ನಲ್ಲಿ 100 ರೂಪಾಯಿ ಕಟ್ಟಿ ಕಂಪನಿಯ ದಾಖಲೆ ನೋಡಿ. ಷೇರು ಹಂಚಿಕೆಯ ವರದಿ ಪಿಎಎಸ್-3, ವಾರ್ಷಿಕ ವರದಿ ಎಂಜಿಟಿ-7, ಬ್ಯಾಲೆನ್ಸ್ ಶೀಟ್, ಆರ್ಟಿಕಲ್ಸ್, ಎಲ್ಲ ಇಳಿಸಿಕೊಳ್ಳಿ. ಷೇರು ವರ್ಗಾಯಿಸಿ ಎಂದು ರಿಜಿಸ್ಟರ್ಡ್ ಪತ್ರ ಬರೆಯಿರಿ. ಇನ್ನು ಬಾಯಿಮಾತು ಬೇಡ.

ನಾಪೋಕ್ಲು: ಇಷ್ಟೆಲ್ಲ ಯಾಕೆ? ಈ ಮೆಸೇಜ್ ನೋಡಿ: ‘ಯಾವುದೇ ಷೇರುದಾರ ಬಿಳಿ ಹಾಳೆಯಲ್ಲಿ ಕಂಪನಿ ರಿಜಿಸ್ಟ್ರಾರ್‌ಗೆ, ಅಂದರೆ ಆರ್‌ಒಸಿಗೆ ಬರೆದರೆ 15 ದಿನದಲ್ಲಿ ಕಂಪನಿ ಖಾತೆ ಫ್ರೀಜ್. 420 ಕೇಸು ಕೊಟ್ಟರೆ ಡೈರೆಕ್ಟರ್ ಒಳಗೆ.’ ಎಲ್ಲರಿಗೂ ಕಳಿಸಿ.

ವಕೀಲರು: ದಯವಿಟ್ಟು ಯಾರಿಗೂ ಕಳಿಸಬೇಡಿ. ಬಿಳಿ ಹಾಳೆಗೆ ಯಾವ ಖಾತೆಯೂ ಫ್ರೀಜ್ ಆಗುವುದಿಲ್ಲ. 420 ಇದ್ದ ಐಪಿಸಿಯ ಜಾಗಕ್ಕೆ 2024ರ ಜುಲೈ 1ರಿಂದ ಬೇರೆ ಸಂಹಿತೆಯೇ ಬಂದಿದೆ. ಕಂಪನಿ ಕಾಯ್ದೆಯ 447ರ ವಂಚನೆ ಕೇಸನ್ನು ಷೇರುದಾರರು ನೇರವಾಗಿ ಕೋರ್ಟಿಗೆ ಒಯ್ಯಲು ಬರುವುದಿಲ್ಲ. ಇಂಥ ಮೆಸೇಜ್ ನಂಬಿ ಠಾಣೆಗೆ ಅಲೆದು ಕಾಲ ಕಳೆದವರನ್ನು ನೋಡಿದ್ದೇನೆ. 241ರ ಅರ್ಜಿಗೆ ಸಾಮಾನ್ಯವಾಗಿ ಮೂರು ವರ್ಷದ ಮಿತಿ. ಠಾಣೆಗೆ ಅಲೆದರೂ ಆ ಲೆಕ್ಕ ನಿಲ್ಲುವುದಿಲ್ಲ.

ಕುಶಾಲನಗರ: ನನ್ನ ಬಳಿ 6% ಇದೆ. 10% ಇಲ್ಲದೆ ಕೇಸು ಹಾಕಬಹುದಾ?

ವಕೀಲರು: ಮೇಲೆ ಇದೆ.

ಮಾದಾಪುರ: ಸಿದ್ದಾಪುರದವರು ಕಂಪನಿ ಬಿಟ್ಟು ಸಿವಿಲ್ ಕೋರ್ಟಿನಲ್ಲಿ ಪಾಲು ಕೇಳಲಿ. ಜಮ್ಮಾ ಬಾಣೆ ವಂಶಪಾರಂಪರ್ಯದ ಜಾಗ, ಒಕ್ಕದ, ಅಂದರೆ ಇಡೀ ಮನೆತನದ ಆಸ್ತಿ. ಯಾರೋ ಒಬ್ಬರದಲ್ಲ.

ವಕೀಲರು: ಜಾಗ ಕಂಪನಿ ಹೆಸರಿಗೆ ಸರಿಯಾಗಿ ಹೋಗಿದ್ದರೆ ಅದು ಕಂಪನಿಯದು. ಷೇರುದಾರರಿಗೆ ಷೇರು ಮಾತ್ರ, ತೋಟದ ಗಿಡ ಅಲ್ಲ. ಚಹಾ ಕಂಪನಿಯ ಷೇರುದಾರರೊಬ್ಬರ ಕೇಸಿನಲ್ಲಿ, ಬಾಚಾ ಗುಜ್ದಾರ್ ಪ್ರಕರಣ ಅದು, ಸುಪ್ರೀಂ ಕೋರ್ಟ್ 1954ರಲ್ಲೇ ಇದನ್ನು ಹೇಳಿದೆ. ನ್ಯಾಯಮಂಡಳಿ ತೀರ್ಮಾನಿಸಬೇಕಾದ ವಿಷಯಕ್ಕೆ ಸಿವಿಲ್ ಕೋರ್ಟಿಗೆ ಹೋಗುವುದನ್ನು 430ನೇ ಸೆಕ್ಷನ್ ತಡೆಯುತ್ತದೆ. ಜಾಗ ಕಂಪನಿಗೆ ಹೋಗಿದ್ದೇ ತಪ್ಪು ಅನ್ನುವುದಾದರೆ ಅದು ಬೇರೆ ಕೇಸು.

ಮಾದಾಪುರ: ಆದರೂ ಮದುವೆಯಾಗಿ ಹೋದ ಹೆಣ್ಣುಮಕ್ಕಳು ತೋಟದ ಷೇರು ಕೇಳುವುದು ನಮ್ಮಲ್ಲಿ ಇರಲಿಲ್ಲ. ಕಾಫಿ ಕುಯ್ಲು, ಆಳುಗಳು, ಆನೆ ಕಾಟ, ಎಲ್ಲ ನೋಡಿಕೊಂಡವರು ಯಾರು?

ಗೋಣಿಕೊಪ್ಪ: ನೋಡಿಕೊಂಡವರಿಗೆ ಸಂಬಳ ಇದೆ ಅಣ್ಣ. ಎಂಡಿ ಸಂಬಳ, ಕಂಪನಿ ಜೀಪು, ಎಲ್ಲ. ಷೇರು ಕದಿಯುವುದು ಸಂಬಳ ಅಲ್ಲ.

ಮಾದಾಪುರ: ಕದಿಯುವುದು ಅಂತ ಯಾರನ್ನು ಅಂದಿದ್ದು? ಆ ಮನೆಯವರು ನನಗೆ ಗೊತ್ತಿರುವವರೇ ಆಗಿರಬಹುದು.

ಗೋಣಿಕೊಪ್ಪ: ಗೊತ್ತಿದ್ದರೆ ಹೋಗಿ ಬುದ್ಧಿ ಹೇಳಿ. ಇಲ್ಲಿ ಬಂದು ಅವರ ಪರ ಮಾತಾಡಬೇಡಿ.

ನಾಪೋಕ್ಲು: ಕೆಲಸ ಮಾಡಿದವರಿಗೇ ತೋಟ. ಮಾದಾಪುರದವರು ಹೇಳಿದ್ದು ಸರಿ.

ಗೋಣಿಕೊಪ್ಪ: ನಿಮ್ಮ ಫಾರ್ವರ್ಡ್ ಸರಿ ಅಂತ ಹೇಳಿದವರೂ ನೀವೇ ಅಲ್ವಾ?

ವಕೀಲರು: ವಿಲ್ ಇಲ್ಲದೆ ಹಿಂದೂ ಗಂಡಸು ತೀರಿಕೊಂಡರೆ ಅವರ ಷೇರು 1956ರ ಉತ್ತರಾಧಿಕಾರ ಕಾಯ್ದೆ 8ನೇ ಸೆಕ್ಷನ್ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮ ಪಾಲು. ತಾಯಿ ಬದುಕಿದ್ದರೆ ಅವರಿಗೂ. ಮದುವೆ ಆಗಿದೆಯಾ ಎಂದು ಕಾನೂನು ಕೇಳುವುದಿಲ್ಲ. ಇದನ್ನು ಇನ್ನೊಮ್ಮೆ ಬರೆಯುವುದಿಲ್ಲ.

ಶನಿವಾರಸಂತೆ: ನಾಮಿನಿ ನಾನು. ಷೇರು ಪೂರ್ತಿ ನನ್ನದೇ ಅಲ್ವಾ?

ವಕೀಲರು: ಅಲ್ಲ. ನಾಮಿನಿ ವಾರಸುದಾರರ ಪರವಾಗಿ ಇಟ್ಟುಕೊಳ್ಳುವವರು ಮಾತ್ರ. 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

ಮೂರ್ನಾಡು: ರೆಸಾರ್ಟ್ ಕಂಪನಿಗೆ ನಾನು ಕೊಟ್ಟ ಸಾಲ ವಾಪಸ್ ಬಂದಿಲ್ಲ. ಇದಕ್ಕೂ 241 ಹಾಕಬಹುದಾ?

ಮಡಿಕೇರಿ: ನನ್ನನ್ನು ಡೈರೆಕ್ಟರ್ ಸ್ಥಾನದಿಂದ ತೆಗೆದರು. ಮೀಟಿಂಗಿಗೆ ವರ್ಷದಿಂದ ಬಂದಿಲ್ಲ ಎಂದು ಕಾರಣ ಕೊಟ್ಟರು. ನೋಟಿಸೇ ಬರುತ್ತಿರಲಿಲ್ಲ.

ವಕೀಲರು: ಕುರ್ಚಿ ಹೋಯಿತು ಎಂಬುದಷ್ಟೇ ದಬ್ಬಾಳಿಕೆ ಆಗುವುದಿಲ್ಲ. ಸೈರಸ್ ಮಿಸ್ತ್ರಿಯನ್ನು ಟಾಟಾ ಸನ್ಸ್ ಅಧ್ಯಕ್ಷ ಸ್ಥಾನದಿಂದ ತೆಗೆದ ಬಗ್ಗೆ ಸುಪ್ರೀಂ ಕೋರ್ಟಿನ 2021ರ ಟಾಟಾ–ಮಿಸ್ತ್ರಿ ತೀರ್ಪು ಓದಿ. ಆದರೆ ನೋಟಿಸ್ ಕೊಡದೆ ‘ಬಂದಿಲ್ಲ’ ಎಂದು ತೆಗೆಯುವುದು ಬೇರೆ ವಿಷಯ, ಅದನ್ನು ಪ್ರಶ್ನಿಸಬಹುದು. ನೋಟಿಸ್ ಕಳಿಸಿದ ದಾಖಲೆ ತೋರಿಸಿ ಎಂದು ಲಿಖಿತವಾಗಿ ಕೇಳಿ.

ಕುಶಾಲನಗರ: ಮೇಲೆ ಎಲ್ಲಿ ಇದೆ ಮೇಡಂ? ಸಿಗಲಿಲ್ಲ.

ವಕೀಲರು: ಸಿದ್ದಾಪುರದವರಿಗೆ ಕೊಟ್ಟ ಉತ್ತರ, ಎರಡನೇ ಪ್ಯಾರಾ. ಓದಿ, ಆಮೇಲೆ ಕೇಳಿ.

ಮಾದಾಪುರ: ಕೇಸು ಕೇಸು ಎಂದು ಕುಟುಂಬ ಒಡೆಯುವುದೇ ವಕೀಲರ ಕೆಲಸ.

ವಕೀಲರು: ಹಳೇ ತಾರೀಕು ಹಾಕಿ ವಿಧವೆಯ ಸಹಿ ಕೇಳಿದ ದಿನವೇ ಕುಟುಂಬ ಒಡೆದಿದೆ. ಇಂಥ ಕೇಸುಗಳಲ್ಲಿ ಸ್ವತಂತ್ರ ವ್ಯಾಲ್ಯುಯರ್ ನೇಮಿಸಿ, ಒಂದು ಕಡೆಯವರು ಇನ್ನೊಂದು ಕಡೆಯವರ ಷೇರು ನ್ಯಾಯದ ಬೆಲೆಗೆ ಕೊಳ್ಳಲಿ ಎಂಬ ಆದೇಶವೂ ಬರುತ್ತದೆ. ಚಿಕ್ಕಪ್ಪ ಇವತ್ತೇ ಅದಕ್ಕೆ ಒಪ್ಪಿದರೆ ಕೋರ್ಟೇ ಬೇಡ. ನಿಮಗೆ ಆ ಮನೆ ಗೊತ್ತಿದ್ದರೆ ಇದನ್ನು ಅಲ್ಲಿಗೆ ತಲುಪಿಸಿ.

ಅಡ್ಮಿನ್: ಮಾದಾಪುರ, ಗೋಣಿಕೊಪ್ಪ, ಇಬ್ಬರೂ ಇಲ್ಲಿಗೆ ನಿಲ್ಲಿಸಿ. ಇನ್ನು ಬರೆದರೆ ಅಳಿಸುತ್ತೇನೆ.

ಸಿದ್ದಾಪುರ: ಮೇಡಂ, ಅಮ್ಮನಿಗೆ ಓದಿ ಹೇಳಿದೆ. ಸಹಿ ಹಾಕಲ್ಲ ಅಂದರು. ಪಿಎಎಸ್-3 ಸಿಕ್ಕಿತು. ಅದರ ಜೊತೆ ಲಗತ್ತಿಸಿದ ಬೋರ್ಡ್ ನಿರ್ಣಯದಲ್ಲಿ ಅಪ್ಪನೂ ಮೀಟಿಂಗಿಗೆ ಹಾಜರಿದ್ದರು ಎಂದು ಬರೆದಿದ್ದಾರೆ. ಆ ತಾರೀಕಿಗೆ ಅಪ್ಪ ಇರಲಿಲ್ಲ.

ವಕೀಲರು: ಆ ಪುಟವನ್ನು ಇಲ್ಲಿ ಹಾಕಬೇಡಿ. ಸರ್ಟಿಫೈಡ್ ಪ್ರತಿಗೆ ಇವತ್ತೇ ಅರ್ಜಿ ಹಾಕಿ. ಮರಣ ಪ್ರಮಾಣಪತ್ರದ ಪ್ರತಿ ತೆಗೆದಿಟ್ಟುಕೊಂಡು ನನಗೆ ನೇರವಾಗಿ ಫೋನ್ ಮಾಡಿ.