ಫೋನು 120 ಕೋಟಿಯ ಆಸುಪಾಸಿನಲ್ಲೇ ನಿಂತಿದೆ, ಇಂಟರ್‌ನೆಟ್ ಮಾತ್ರ ಏರುತ್ತಿದೆ: ಈ ಅಂಕಿಗಳನ್ನು ಓದುವುದು ಹೇಗೆ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಭಾರತದಲ್ಲಿ ದೂರವಾಣಿ, ಮೊಬೈಲ್ ಮತ್ತು ಇಂಟರ್‌ನೆಟ್ ಚಂದಾದಾರಿಕೆಯ ಏರಿಳಿತದ ಬಗ್ಗೆ ಒಂದು ಕಿರು ಪ್ರಬಂಧವನ್ನು ಸಿದ್ಧಪಡಿಸಬೇಕಾಗಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಪ್ರಕಟಿಸುವ ವರದಿಗಳನ್ನು ವರ್ಷದ ಸಾಲಿನಲ್ಲಿ ಜೋಡಿಸಿಕೊಂಡು ಓದುವಾಗ ಕೆಲವು ಕಡೆ ಲೆಕ್ಕ ನನ್ನ ಬುದ್ಧಿಗೆ ನಿಲುಕುತ್ತಿಲ್ಲ.

2017ರ ಮಾರ್ಚ್ ಕೊನೆಗೆ ದೇಶದ ಒಟ್ಟು ದೂರವಾಣಿ ಚಂದಾದಾರರು 119.46 ಕೋಟಿ. 2024ರ ಮಾರ್ಚ್ ಕೊನೆಗೆ 119.93 ಕೋಟಿ. ಏಳು ವರ್ಷಗಳಲ್ಲಿ ಅರ್ಧ ಕೋಟಿಯೂ ಹೆಚ್ಚಾಗಿಲ್ಲ. ಅಷ್ಟೇ ಅಲ್ಲ, ನೂರು ಜನರಿಗೆ ಎಷ್ಟು ಸಂಪರ್ಕಗಳಿವೆ ಎಂದು ಹೇಳುವ ದೂರವಾಣಿ ಸಾಂದ್ರತೆ ಇದೇ ಅವಧಿಯಲ್ಲಿ 92.98ರಿಂದ 85.69ಕ್ಕೆ ಇಳಿದಿದೆ. ಜನ ಫೋನು ಬಿಡುತ್ತಿದ್ದಾರೆ ಎಂದು ಇದರ ಅರ್ಥವೇ? ಹಾಗಿದ್ದರೆ 2014ರ ಮಾರ್ಚ್‌ನಲ್ಲಿ ಸುಮಾರು 25 ಕೋಟಿ ಇದ್ದ ಇಂಟರ್‌ನೆಟ್ ಚಂದಾದಾರರು ಹತ್ತು ವರ್ಷಗಳಲ್ಲಿ 95.44 ಕೋಟಿಗೆ ಏರಿದ್ದು ಎಲ್ಲಿಂದ? ಇನ್ನು, ಸತ್ತೇ ಹೋಯಿತು ಎಂದುಕೊಂಡಿದ್ದ ಲ್ಯಾಂಡ್‌ಲೈನ್ 2020ರ ಸುಮಾರಿಗೆ 2 ಕೋಟಿಗೆ ಕುಸಿದಿದ್ದು 2024ರ ಮಾರ್ಚ್ ಕೊನೆಗೆ 3.38 ಕೋಟಿಗೆ ಮರಳಿ ಏರಿತ್ತು. ನಮ್ಮ ಬೀದಿಯಲ್ಲಿ ಲ್ಯಾಂಡ್‌ಲೈನ್ ಇಟ್ಟುಕೊಂಡ ಒಂದು ಮನೆಯೂ ನನಗೆ ಕಾಣುವುದಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಅಂಕಿಲೋಕ (ಉತ್ತರ)

ಪ್ರಶ್ನೆ ಚೆನ್ನಾಗಿದೆ. ಆದರೆ ಉತ್ತರ ಹುಡುಕುವ ಮೊದಲು ತಾವು ಒಂದು ಪದವನ್ನು ಅನುಮಾನದಿಂದ ನೋಡಬೇಕು. ಅದು ‘ಚಂದಾದಾರ’ ಎಂಬ ಪದ. ಈ ವರದಿಗಳಲ್ಲಿ ಚಂದಾದಾರ ಎಂದರೆ ಮನುಷ್ಯನಲ್ಲ, ಸಂಪರ್ಕ. ಒಬ್ಬನ ಜೇಬಿನಲ್ಲಿ ಮೂರು ಸಿಮ್ ಇದ್ದರೆ ಅವನು ಮೂವರು ಚಂದಾದಾರರು. ನಮ್ಮಲ್ಲಿ ಒಬ್ಬರ ಹೆಸರಿನಲ್ಲಿ ಒಂಬತ್ತು ಸಿಮ್‌ಗಳವರೆಗೆ ಇರಿಸಿಕೊಳ್ಳಲು ನಿಯಮವೇ ಅವಕಾಶ ಕೊಟ್ಟಿದೆ. ನಗರ ಪ್ರದೇಶದ ಸಾಂದ್ರತೆ 2024ರ ಮಾರ್ಚ್‌ನಲ್ಲಿ 133.72 ಆಗಿದ್ದು ಗ್ರಾಮೀಣ ಪ್ರದೇಶದಲ್ಲಿ ಅದು 59.19 ಮಾತ್ರ ಇದ್ದುದನ್ನು ತಾವು ನೋಡಿರಬಹುದು. ನಗರದ ಎಳೆಗೂಸಿಗೂ ಒಂದಕ್ಕಿಂತ ಹೆಚ್ಚು ಫೋನಿದೆ ಎಂದು ಅದನ್ನು ಯಾರೂ ಓದುವುದಿಲ್ಲವಲ್ಲ.

ಈ ದೃಷ್ಟಿಯಿಂದ 2012ನೇ ವರ್ಷವನ್ನು ತಮ್ಮ ಪ್ರಬಂಧದಲ್ಲಿ ಬಿಡಲೇಬಾರದು. ಆ ವರ್ಷದ ಜೂನ್‌ನಲ್ಲಿ ಮೊಬೈಲ್ ಚಂದಾದಾರರು 93.4 ಕೋಟಿ ಇದ್ದರು, ಡಿಸೆಂಬರ್‌ನಲ್ಲಿ 86.5 ಕೋಟಿ. ಆರು ತಿಂಗಳಲ್ಲಿ ಸುಮಾರು 7 ಕೋಟಿ ‘ಚಂದಾದಾರರು’ ಕಾಣೆಯಾದರು, ಆದರೆ ಯಾವ ಊರಿನಲ್ಲೂ ಯಾರೂ ಫೋನನ್ನು ಕಳೆದುಕೊಳ್ಳಲಿಲ್ಲ. ಅದಕ್ಕೆ ಮೊದಲು ಕಂಪನಿಗಳು ತಮ್ಮ ಸಂಖ್ಯೆ ದೊಡ್ಡದಾಗಿ ಕಾಣಲೆಂದು ಬಳಕೆ ನಿಂತ ಸಿಮ್‌ಗಳನ್ನೂ ಪುಸ್ತಕದಲ್ಲಿ ಉಳಿಸಿಕೊಂಡಿದ್ದವು. ಆ ವರ್ಷ ಅವನ್ನು ದೊಡ್ಡ ಪ್ರಮಾಣದಲ್ಲಿ ಕಡಿದುಹಾಕಿದವು. ಫೆಬ್ರವರಿ 2ರಂದು ಸುಪ್ರೀಂ ಕೋರ್ಟ್ ಮೊಬೈಲ್ ಸೇವೆಯ 122 ಪರವಾನಗಿಗಳನ್ನು ರದ್ದುಪಡಿಸಿ ಪೈಪೋಟಿಯ ಹುಚ್ಚೂ ಇಳಿದಿತ್ತು.

ಆದ್ದರಿಂದ ತಾವು ಒಟ್ಟು ಸಂಖ್ಯೆಯ ಬದಲು ‘ಸಕ್ರಿಯ’ ಸಂಪರ್ಕಗಳ ಸಂಖ್ಯೆಯನ್ನು ಹಿಡಿಯಿರಿ. ಟ್ರಾಯ್ ಅದನ್ನು ವಿ.ಎಲ್.ಆರ್. ಆಧಾರದ ಮೇಲೆ ಪ್ರತಿ ತಿಂಗಳೂ ಕೊಡುತ್ತದೆ. ಯಾವ ಸಿಮ್ ಯಾವ ಪ್ರದೇಶದ ಜಾಲದಲ್ಲಿ ಸದ್ಯಕ್ಕೆ ಜೀವಂತವಾಗಿದೆ ಎಂದು ಕರೆಗಳನ್ನು ಜೋಡಿಸುವ ಯಂತ್ರವಾದ ಸ್ವಿಚ್ ಬರೆದಿಟ್ಟುಕೊಳ್ಳುವ ಹಾಜರಿ ಪುಸ್ತಕ ಅದು ಎಂದು ತಿಳಿಯಿರಿ. 2012ರ ಮಧ್ಯದಲ್ಲಿ ನಾಲ್ಕು ಸಿಮ್‌ಗಳಲ್ಲಿ ಮೂರು ಮಾತ್ರ ಹಾಜರಿದ್ದವು. ಈಚಿನ ವರ್ಷಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಹಾಜರಿರುತ್ತವೆ. ಒಟ್ಟು ಸಂಖ್ಯೆ ನಿಂತಂತೆ ಕಂಡರೂ ಒಳಗಿನ ಜೊಳ್ಳು ಹೋಗಿ ಕಾಳು ಹೆಚ್ಚಾಗಿದೆ.

ಸಾಂದ್ರತೆ ಇಳಿದದ್ದಕ್ಕೆ ಕಾರಣ ಇನ್ನೂ ಸರಳ. ಭಾಗಿಸುವ ಸಂಖ್ಯೆಯಾದ ಜನಸಂಖ್ಯೆ ಬೆಳೆಯಿತು, ಭಾಜ್ಯ ಬೆಳೆಯಲಿಲ್ಲ. ಅದರಲ್ಲೂ 2021ರಲ್ಲಿ ನಡೆಯಬೇಕಿದ್ದ ಜನಗಣತಿ ಆಗ ನಡೆಯದ ಕಾರಣ, ಕೆಳಗಿನ ಸಂಖ್ಯೆ 2011ರ ಗಣತಿಯಿಂದ ಮುಂದಕ್ಕೆ ಎಳೆದ ಅಂದಾಜು. ಬಿಹಾರದಂಥ ಕಡೆ ಸಾಂದ್ರತೆ 60ನ್ನೂ ಮುಟ್ಟದಿರುವುದಕ್ಕೆ ಬಡತನದ ಜೊತೆಗೆ, ಅಲ್ಲಿಂದ ದುಡಿಯಲು ಹೋದವರು ದೆಹಲಿಯಲ್ಲೋ ಬೆಂಗಳೂರಿನಲ್ಲೋ ಸಿಮ್ ಕೊಂಡಿರುವುದೂ ಕಾರಣವಿರಬೇಕು ಎಂಬುದು ನನ್ನ ಊಹೆ.

ಸಂತೆಬೀದಿ ರೀಚಾರ್ಜ್ (ಉತ್ತರ)

ನಾನು ಇಪ್ಪತ್ತು ವರ್ಷದಿಂದ ತಾಲೂಕು ಕೇಂದ್ರವೊಂದರಲ್ಲಿ ಮೊಬೈಲ್ ಅಂಗಡಿ ನಡೆಸುತ್ತಿದ್ದೇನೆ. ಅಂಕಿಲೋಕ ಅವರು ಹೇಳಿದ ಜೊಳ್ಳು ಯಾಕೆ ಹೋಯಿತು ಎಂಬುದನ್ನು ಗಲ್ಲಾಪೆಟ್ಟಿಗೆಯ ಈ ಕಡೆಯಿಂದ ಕಂಡಂತೆ ಬರೆಯುತ್ತೇನೆ.

2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಮಿಸ್ಡ್ ಕಾಲ್ ಕೊಟ್ಟು ಬದುಕುವ ಜನ ಮೊಬೈಲಿಗೆ ಬಂದದ್ದು ಅದಾದ ಮೇಲೆಯೇ. ಮರುವರ್ಷವೇ ಮೊಬೈಲು ಲ್ಯಾಂಡ್‌ಲೈನನ್ನು ಹಿಂದೆ ಹಾಕಿತು. ಆಮೇಲೆ ಲೈಫ್‌ಟೈಮ್ ಸಿಮ್‌ಗಳು ಬಂದವು. ಒಮ್ಮೆ ಹಣ ಕಟ್ಟಿದರೆ ಕರೆ ಬರುತ್ತಲೇ ಇರುತ್ತಿತ್ತು. ಜೊತೆಗೆ ಎರಡು ಸಿಮ್‌ನ ಹ್ಯಾಂಡ್‌ಸೆಟ್ ಬಂದಾಗ, ಮಾತಿಗೊಂದು, ಮೆಸೇಜಿಗೊಂದು, ತವರಿಗೆ ಫೋನು ಮಾಡಲು ಇನ್ನೊಂದು ಎಂದು ಜನ ಸಿಮ್‌ಗಳನ್ನು ಎಲೆಯಡಿಕೆ ಚೀಲದಲ್ಲಿಟ್ಟು ಬದಲಾಯಿಸುತ್ತಿದ್ದರು. ಚಿಕ್ಕ ಪ್ಲಾಸ್ಟಿಕ್ ಡಬ್ಬಿಯ ತುಂಬ ಸಿಮ್ ತುಂಬಿಕೊಂಡು ಬಂದು ‘ಇದರಲ್ಲಿ ಯಾವುದಕ್ಕೆ ಆಫರ್ ಇದೆ ನೋಡಿ’ ಎಂದು ಗಲ್ಲಾಪೆಟ್ಟಿಗೆಯ ಮೇಲೆ ಸುರಿಯುತ್ತಿದ್ದ ಲಾರಿ ಚಾಲಕರೊಬ್ಬರು ನನ್ನ ಖಾಯಂ ಗಿರಾಕಿಯಾಗಿದ್ದರು.

2016ರ ಸೆಪ್ಟೆಂಬರ್ 5ರಂದು ಜಿಯೊ ಶುರುವಾದಾಗ ಅಂಗಡಿಯ ಮುಂದೆ ಸರತಿ ಸಾಲು ನಿಂತಿತು. ಹಳೆಯ ಸಿಮ್ ಬಿಡದೆ ಎರಡನೆಯ ಕಿಂಡಿಗೆ ಜನ ಅದನ್ನು ಹಾಕಿಕೊಂಡರು. ತಾವು ಹೇಳಿದ 119 ಕೋಟಿ ಆ ಹೊತ್ತಿನದು. ಆದರೆ 2018ರ ಕೊನೆಗೆ ಹಳೆಯ ಕಂಪನಿಗಳು 35 ರೂಪಾಯಿಯ ಕನಿಷ್ಠ ರೀಚಾರ್ಜ್ ಕಡ್ಡಾಯ ಮಾಡಿದವು. ಅದನ್ನು ಹಾಕದಿದ್ದರೆ ಬರುವ ಕರೆಯೂ ನಿಲ್ಲುತ್ತಿತ್ತು. ಅಂದಿಗೆ ಎರಡನೆಯ ಸಿಮ್ ಸುಮ್ಮನೆ ಇಟ್ಟುಕೊಳ್ಳುವ ಆಸ್ತಿಯಾಗಿ ಉಳಿಯದೆ ತಿಂಗಳ ಖರ್ಚಾಯಿತು. ಬಳಿಕ 2019ರ ಡಿಸೆಂಬರ್, 2021ರ ಕೊನೆ, 2024ರ ಜುಲೈ ಎಂದು ಮೂರು ಸಲ ದರ ಏರಿತು. ಪ್ರತಿ ಸಲವೂ ‘ಈ ನಂಬರು ಬಿಟ್ಟರೆ ಬ್ಯಾಂಕಿನವರು ಕಳಿಸುವ ಓಟಿಪಿ ಎಲ್ಲಿಗೆ ಬರುತ್ತದೆ?’ ಎಂದು ಕೇಳಿ, ಉತ್ತರ ಸಮಾಧಾನವಾದರೆ ಒಂದು ಸಿಮ್ ಕೈಬಿಡುತ್ತಾರೆ. 28 ದಿನದ ಪ್ಯಾಕಿನ ಮೇಲೆ ಬದುಕುವವರಿಗೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ತಿಂಗಳು ಎಂಬುದನ್ನು ಮೇಷ್ಟ್ರುಗಳು ಕೋಷ್ಟಕದಲ್ಲಿ ಬರೆಯುವುದಿಲ್ಲ, ನಮ್ಮ ಗಿರಾಕಿಗಳಿಗೆ ಮಾತ್ರ ಚೆನ್ನಾಗಿ ಗೊತ್ತು.

ಇಂಟರ್‌ನೆಟ್ ಚಂದಾದಾರರು ಎಲ್ಲಿಂದ ಬಂದರು ಎಂದು ಕೇಳಿದ್ದೀರಿ. ಹೊರಗಿನಿಂದ ಯಾರೂ ಬರಲಿಲ್ಲ, ಅವೇ ಸಿಮ್‌ಗಳು ಬಣ್ಣ ಬದಲಾಯಿಸಿದವು. ಮೊದಲು ಮಾತಿಗೆ ಬೇರೆ ಹಣ, ನೆಟ್ಟಿಗೆ ಬೇರೆ ಹಣ ಇತ್ತು. ಈಗ ದಿನಕ್ಕೆ ಒಂದೂವರೆ ಜಿಬಿ, ಎರಡು ಜಿಬಿ ಎಂದು ಡೇಟಾದ ಜೊತೆಗೇ ಮಾತನ್ನು ಕಟ್ಟಿ ಮಾರುತ್ತಾರೆ. 2014ರಲ್ಲಿ ಒಂದು ಜಿಬಿಗೆ ಸರಾಸರಿ 269 ರೂಪಾಯಿ ಬೀಳುತ್ತಿದ್ದುದು ಈಗ ಹತ್ತರ ಆಸುಪಾಸಿಗೆ ಇಳಿದಿದೆ.

ಕೊನೆಗೊಂದು ಮಾತು. ನಮ್ಮಲ್ಲಿ ಮಾರಾಟವಾಗುವ ಸಿಮ್‌ಗಳೆಲ್ಲ ಕಿವಿಗೆ ಹೋಗುವುದಿಲ್ಲ. ತೋಟದ ಪಂಪ್‌ಸೆಟ್‌ನ ಮೊಬೈಲ್ ಸ್ಟಾರ್ಟರಿಗೂ ಒಂದು ಸಿಮ್ ಬೇಕು. ತ್ರೀಫೇಸ್ ಬಂದೊಡನೆ ರೈತ ಮನೆಯಲ್ಲೇ ಕುಳಿತು ಬೋರ್‌ವೆಲ್ಲಿಗೆ ಫೋನು ಮಾಡಿ ಮೋಟರು ಚಾಲೂ ಮಾಡುತ್ತಾನೆ. ಅಂಗಡಿಯಿಂದ ಒಯ್ದ ಮಾಮೂಲಿ ಸಿಮ್ ಆಗಿರುವುದರಿಂದ ಆ ಸ್ಟಾರ್ಟರೂ ತಮ್ಮ 119.93 ಕೋಟಿಯಲ್ಲಿ ಒಬ್ಬ ಚಂದಾದಾರ.

ಹಳೆಯ ಎಕ್ಸ್‌ಚೇಂಜ್ (ಉತ್ತರ)

ಲ್ಯಾಂಡ್‌ಲೈನಿನ ಪ್ರಶ್ನೆಗೆ ನಾನು ಉತ್ತರಿಸಬೇಕು. ಮಲೆನಾಡಿನ ಒಂದು ಚಿಕ್ಕ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. 1991ರಲ್ಲಿ ಇಡೀ ದೇಶಕ್ಕೆ ಸುಮಾರು 50 ಲಕ್ಷ ಫೋನುಗಳಿದ್ದವು. ಸಂಪರ್ಕ ಕೇಳಿ ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯುತ್ತಿದ್ದರು, ಮದುವೆಯ ಮಾತುಕತೆಯಲ್ಲಿ ‘ಮನೆಯಲ್ಲಿ ಫೋನಿದೆ’ ಎಂಬುದು ತೂಕದ ಮಾತಾಗಿತ್ತು. ಇಪ್ಪತ್ತೊಂದನೆಯ ಶತಮಾನದ ಮೊದಲ ಐದಾರು ವರ್ಷಗಳಲ್ಲಿ ಲ್ಯಾಂಡ್‌ಲೈನ್ 4 ಕೋಟಿಯ ಗಡಿ ಮುಟ್ಟಿತು, ಅಲ್ಲಿಂದ ಇಳಿಯತೊಡಗಿತು. ಮಳೆಗಾಲದಲ್ಲಿ ಕೇಬಲ್ ಜಾಯಿಂಟಿಗೆ ನೀರು ಇಳಿದು ಒಂದೇ ದಿನ ನೂರು ಫೋನು ಕೆಡುತ್ತಿದ್ದವು. ಸರಿಪಡಿಸುವಷ್ಟರಲ್ಲಿ ಮನೆಯವರು ಮೊಬೈಲ್ ಕೊಂಡು, ಉಪಕರಣ ವಾಪಸು ಕೊಡಲು ನಮ್ಮ ಬಾಗಿಲಿಗೇ ಬರುತ್ತಿದ್ದರು.

ಈಗ ಏರುತ್ತಿರುವ ಲ್ಯಾಂಡ್‌ಲೈನ್ ಆ ಹಳೆಯದಲ್ಲ. ಹೆಸರು ಮಾತ್ರ ಅದೇ. 2020ರಲ್ಲಿ ಶಾಲೆ, ಕಚೇರಿಗಳೆಲ್ಲ ಮನೆಗೆ ಬಂದಾಗ, ನಮ್ಮ ಕಡೆಯ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಕೊಡೆ ಹಿಡಿದು ಗುಡ್ಡ ಹತ್ತಿ ಪಾಠ ಕೇಳಿದರು. ಮನೆಗೆ ನೆಟ್ ಬೇಕೇ ಬೇಕು ಎನಿಸಿದ್ದು ಆಗ. ಊರಿನ ಕೇಬಲ್ ಟಿವಿಯವನೇ ಅಡಿಕೆ ಮರಗಳ ನಡುವೆ ಫೈಬರ್ ಎಳೆದುಕೊಟ್ಟ. ಆ ಫೈಬರ್ ಸಂಪರ್ಕದ ಜೊತೆಗೆ ಒಂದು ದೂರವಾಣಿ ಸಂಖ್ಯೆಯೂ ಉಚಿತವಾಗಿ ಬರುತ್ತದೆ, ಅದು ಸ್ಥಿರ ದೂರವಾಣಿಯ ಲೆಕ್ಕಕ್ಕೆ ಸೇರುತ್ತದೆ. ತಮ್ಮ ಬೀದಿಯಲ್ಲಿ ಲ್ಯಾಂಡ್‌ಲೈನ್ ಕಾಣದಿರುವುದು ಇದಕ್ಕೇ: ಸಂಖ್ಯೆ ಇದೆ, ಅದಕ್ಕೆ ರಿಸೀವರ್ ಜೋಡಿಸಿದವರು ಕಡಿಮೆ.

ಹಳಬನ ಗೊಣಗಾಟ ಎಂದುಕೊಂಡರೂ ಚಿಂತೆಯಿಲ್ಲ, ಒಂದು ವ್ಯತ್ಯಾಸ ಹೇಳುತ್ತೇನೆ. ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ 48 ವೋಲ್ಟ್ ವಿದ್ಯುತ್ ಹರಿಯುತ್ತಿತ್ತು. ಊರಿಗೆಲ್ಲ ಕರೆಂಟು ಹೋಗಿ ಮೂರು ದಿನವಾದರೂ ಫೋನು ಮಾತಾಡುತ್ತಿತ್ತು. ಈಗ ಮನೆಯ ಕರೆಂಟು ಹೋದರೆ ಫೈಬರಿನ ಡಬ್ಬಿಯ ದೀಪವೂ ಆರುತ್ತದೆ. ಟವರಿನ ಡೀಸೆಲ್ ಮುಗಿದರೆ ಮೊಬೈಲೂ ಇಲ್ಲ. ಚಂದಾದಾರರ ಸಂಖ್ಯೆ ಮಾತ್ರ ಎರಡೂ ಕಾಲದಲ್ಲಿ ಒಂದೇ ಕೋಷ್ಟಕದಲ್ಲಿ ಕೂರುತ್ತದೆ.

ಬೆಳದಿಂಗಳು (ಉತ್ತರ)

ಮೇಲಿನವರು ಹೇಳಿದ್ದಕ್ಕೆ ಎರಡು ವಿಷಯ ಸೇರಿಸಲು ಅನುಮತಿ ಕೊಡಿ. ಚಂದಾದಾರಿಕೆಯ ಲೆಕ್ಕ ಸಿಮ್‌ನದಾದ್ದರಿಂದ, ಮನುಷ್ಯರ ಲೆಕ್ಕವನ್ನು ಸಮೀಕ್ಷೆಗಳಲ್ಲಿ ಹುಡುಕಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದೇನೆ ಎಂದ ಮಹಿಳೆಯರು ದೇಶದಲ್ಲಿ ಶೇ 33, ಪುರುಷರು ಶೇ 57. ತಾವೇ ಬಳಸುವ ಮೊಬೈಲ್ ಇರುವ ಮಹಿಳೆಯರು ಶೇ 54. ಆ ಹೊತ್ತಿಗೆ ದೂರವಾಣಿ ಸಾಂದ್ರತೆ 85ರ ಮೇಲಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ.

ಎರಡನೆಯದು, ‘ಬ್ರಾಡ್‌ಬ್ಯಾಂಡ್’ ಎಂಬ ಕಂಬಸಾಲಿನ ಕೆಳಗೆ ಅಡಿಟಿಪ್ಪಣಿ ಹಾಕಲು ಮರೆಯಬೇಡಿ. 2004ರಲ್ಲಿ 256 ಕೆಬಿಪಿಎಸ್ ವೇಗವಿದ್ದರೆ ಬ್ರಾಡ್‌ಬ್ಯಾಂಡ್ ಎನ್ನುತ್ತಿದ್ದರು, 2013ರಲ್ಲಿ ಅದು 512 ಆಯಿತು, 2023ರಲ್ಲಿ 2 ಎಂಬಿಪಿಎಸ್ ಆಯಿತು. ಅಳತೆಗೋಲನ್ನೇ ಬದಲಿಸಿರುವಾಗ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೇ ಗೆರೆ ಎಳೆಯುವಂತಿಲ್ಲ.

ತುಂಗಾತೀರ (ಮರುಮಾತು)

ಇಷ್ಟು ತಾಳ್ಮೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಬೆಳದಿಂಗಳು ಅವರ ಮಾತು ಓದಿದ ಮೇಲೆ ನಿನ್ನೆ ರಾತ್ರಿ ನಮ್ಮ ಮನೆಯ ಸಿಮ್‌ಗಳನ್ನೇ ಎಣಿಸಿದೆ. ಸಂಚಾರ್ ಸಾಥಿ ಜಾಲತಾಣದಲ್ಲಿ ಅಪ್ಪನ ನಂಬರು ಹಾಕಿ ನೋಡಿದಾಗ ಅವರ ಹೆಸರಿನಲ್ಲಿ ಐದು ಸಂಖ್ಯೆಗಳು ಬಂದವು. ಒಂದು ಅವರದು, ಒಂದು ಅಮ್ಮ ಬಳಸುವುದು, ಒಂದು ನನ್ನದು, ಒಂದು ತೋಟದ ಸ್ಟಾರ್ಟರಿನದು. ಐದನೆಯದು ಯಾವುದೆಂದು ಯಾರಿಗೂ ನೆನಪಿಲ್ಲ. ಅಜ್ಜಿಯ ಬಳಿ ಯಾವುದೂ ಇಲ್ಲ. ನಾಲ್ಕು ಜನ, ಐದು ಸಂಪರ್ಕ: ನಮ್ಮ ಮನೆಯ ಸಾಂದ್ರತೆ 125.

ಒಂದು ಸಂದೇಹ ಉಳಿದಿದೆ. ಟ್ರಾಯ್ 2024ರ ಡಿಸೆಂಬರ್‌ನಲ್ಲಿ, ಮಾತು ಮತ್ತು ಎಸ್ಸೆಮ್ಮೆಸ್‌ಗೆ ಮಾತ್ರವಿರುವ ಪ್ಯಾಕನ್ನು ಕಂಪನಿಗಳು ಕೊಡಲೇಬೇಕೆಂದು ಆದೇಶಿಸಿತಲ್ಲ, ಅದರಿಂದ ಇಂಟರ್‌ನೆಟ್ ಚಂದಾದಾರರ ಸಂಖ್ಯೆ ಇಳಿಯಬೇಕಲ್ಲವೇ?

ಸಂತೆಬೀದಿ ರೀಚಾರ್ಜ್ (ಉತ್ತರ)

ನನ್ನ ಅಂಗಡಿಯ ಮಟ್ಟಿಗೆ ಹೇಳುವುದಾದರೆ, ಆ ಪ್ಯಾಕು ಕೇಳಿ ಬರುವವರು ವಯಸ್ಸಾದವರು ಮತ್ತು ಕೀಪ್ಯಾಡ್ ಫೋನಿನವರು. ಅವರು ಮೊದಲೂ ನೆಟ್ ಬಳಸುತ್ತಿರಲಿಲ್ಲ, ಪ್ಯಾಕಿನ ಡೇಟಾ ಹಾಗೆಯೇ ಮುಗಿದುಹೋಗುತ್ತಿತ್ತು. ಉಳಿದವರು ಬೆಲೆಯ ವ್ಯತ್ಯಾಸ ಕೇಳಿ, ಒಂದು ಕ್ಷಣ ಯೋಚಿಸಿ, ಡೇಟಾ ಇರುವುದನ್ನೇ ಹಾಕಿ ಎನ್ನುತ್ತಾರೆ. ಆ ಐದನೆಯ ನಂಬರನ್ನು ‘ನನ್ನದಲ್ಲ’ ಎಂದು ಅದೇ ಜಾಲತಾಣದಲ್ಲಿ ಗುರುತು ಹಾಕಿಬಿಡಿ, ಇಂದೇ.